ಕಾಶ್ಮೀರವಲ್ಲ, ಕಾರವಾರ

ಕಳೆದ ತಿಂಗಳ ನಮ್ಮ ಓದುಕೂಟದಲ್ಲಿ ಗೆಳೆಯರೊಬ್ಬರು ಕಾರವಾರ ಕೊಲ್ಲಿಯ ಕುರಿತು ಪ್ರವಾಸ ಪ್ರಬಂಧವೊಂದನ್ನು ಓದಿದರು. ಬೆಳುದಿಂಗಳಿತ್ತು, ಬಿದಿಗೆಯ ಚಂದ್ರನಂತೆ ಬಾಗಿದ ಮರಳದಂಡೆಯಿತ್ತು, ಗಾಳಿಮರಗಳ ಸುಯ್ಲಿತ್ತು, ಸದಾಶಿವಗಡದ ನೆತ್ತಿಯಿಂದ ಕಾಣುವ ಕಾಳಿಯ ಸಂಗಮವಿತ್ತು. ಕೊನೆಗೆ, ಬರಲೇಬೇಕಾದ ಹಾಗೆ, ರವೀಂದ್ರನಾಥ ಟಾಗೋರರು ಬಂದರು; ಅವರ ಬೆನ್ನಿಗೇ 'ಕರ್ನಾಟಕದ ಕಾಶ್ಮೀರ' ಎಂಬ ಬಿರುದೂ ಬಂತು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ರಾತ್ರಿ ಲೋಕಲ್ ಗಾಡಿಯಲ್ಲಿ ಮನೆಗೆ ಮರಳುವಾಗ ಏನೋ ಕಸಿವಿಸಿ. ಮೂವತ್ತು ನಿಮಿಷದ ಆ ಓದಿನಲ್ಲಿ ಕೊಲ್ಲಿಯ ಮನುಷ್ಯ ಎಷ್ಟು ಸಲ ಬಂದ ಎಂದು ಲೆಕ್ಕ ಹಾಕಿದೆ. ಒಂದು ಸಲ. ಮುಳುಗುವ ಸೂರ್ಯನೆದುರು ದೋಣಿಯಲ್ಲಿ ನಿಂತ ಕಪ್ಪು ಆಕೃತಿಯಾಗಿ, ಹೆಸರಿಲ್ಲದೆ, ಮುಖವಿಲ್ಲದೆ.

ಗೆಳೆಯರ ಮೇಲೆ ನನಗೆ ಮುನಿಸಿಲ್ಲ. ಇಂಥ ಪ್ರಬಂಧವನ್ನು ನಾನೇ ಎರಡು ಬರೆದಿದ್ದೇನೆ. ಹೊರನಾಡಿನ ಕನ್ನಡಿಗರಾದ ನಾವು ಊರಿನ ಕಡಲನ್ನು ಹೀಗೆ ಬರೆಯುವ ಒಂದು ಪದ್ಧತಿಯನ್ನೇ ಮಾಡಿಕೊಂಡಿದ್ದೇವೆ. ನನ್ನ ತಕರಾರು ಆ ಪದ್ಧತಿಯ ಮೇಲೆ. ಅದು ನಿರುಪದ್ರವಿಯಾದ ಭಾವುಕತೆಯೆಂದು ನಾನು ಬಹುಕಾಲ ನಂಬಿದ್ದೆ, ಈಗ ನಂಬುವುದಿಲ್ಲ. ಕೊಲ್ಲಿಯನ್ನು ಬರಿಯ ನೋಟವಾಗಿಸುವ ಬರವಣಿಗೆ, ಆ ಕೊಲ್ಲಿಯಿಂದ ಜನರನ್ನು ಎಬ್ಬಿಸುವ ಕೆಲಸಕ್ಕೆ ಅರಿವಿಲ್ಲದೆಯೇ ನೆರವಾಗುತ್ತದೆ. ಖಾಲಿ ಎಂದು ವರ್ಣಿತವಾದ ಜಾಗವನ್ನು ತೆಗೆದುಕೊಳ್ಳುವುದು ಸುಲಭ.

ಮೊದಲು ಟಾಗೋರರ ವಿಷಯವನ್ನೇ ನೋಡೋಣ. ಅವರ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಪಾಸಾದ ಮೊದಲ ಭಾರತೀಯ; ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಇಪ್ಪತ್ತೆರಡರ ತರುಣ ರವೀಂದ್ರರು ಅಲ್ಲಿಗೆ ಬಂದು ಕೆಲಕಾಲ ತಂಗಿದ್ದರು. ಮುಂದೆ ತಮ್ಮ ನೆನಪುಗಳ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಕಾರವಾರಕ್ಕೆ ಕೊಟ್ಟರು. ಆ ಅಧ್ಯಾಯದಲ್ಲಿ ಕಾಶ್ಮೀರದ ಸುದ್ದಿ ಇಲ್ಲ. ಇರುವುದು ಕಾಳಿ ನದಿಯಲ್ಲಿ ಬೆಳುದಿಂಗಳ ದೋಣಿಯಾನ, ಹಳೆಯ ಕೋಟೆಯ ಗುಡ್ಡ, ಹಿಂದಿರುಗುವಾಗ ದೋಣಿ ಬಿಟ್ಟು ಮರಳಿನ ಮೇಲೆ ನಡೆದು ಬಂದದ್ದು. ಜೊತೆಗೆ ನಾವು ಎಂದೂ ಹೇಳದ ಒಂದು ವಿವರವೂ ಇದೆ: ಆ ರಾತ್ರಿ ಅವರು ಒಬ್ಬ ರೈತನ ಮನೆಯ, ಚೊಕ್ಕಟವಾಗಿ ಗುಡಿಸಿದ ಅಂಗಳದಲ್ಲಿ ಕೂತು ತಂದ ಬುತ್ತಿಯನ್ನು ಉಂಡರು. ಕವಿಗೆ ಅಂಗಳ ಕಂಡಿತು. ನಮ್ಮ ಪ್ರಬಂಧಗಳಿಗೆ ಚಂದ್ರ ಮಾತ್ರ ಕಾಣುತ್ತಾನೆ.

ಇನ್ನೂ ಒಂದು ಮಾತು. ಕಾರವಾರದಲ್ಲಿ ಅವರು ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ' ಎಂದು ನಾವು ಹೆಮ್ಮೆಯಿಂದ ಹೇಳುತ್ತೇವಷ್ಟೆ. ಆ ನಾಟಕದಲ್ಲಿರುವುದೇನು? ಲೋಕದ ಎಲ್ಲ ನಂಟನ್ನೂ ಕಡಿದುಕೊಂಡು, ಶುದ್ಧವಾದ ಅನಂತವನ್ನು ಹಿಡಿಯುತ್ತೇನೆಂದು ಗುಹೆ ಸೇರಿದ ಸಂನ್ಯಾಸಿ; ಅವನನ್ನು ಮರಳಿ ಮನುಷ್ಯಲೋಕಕ್ಕೆ ಎಳೆದು ತರುವ, ಎಲ್ಲರೂ ದೂರವಿಟ್ಟ ಒಬ್ಬ ಪುಟ್ಟ ಹುಡುಗಿ. ಜನರನ್ನು ಬಿಟ್ಟು ಬರಿಯ ಸೌಂದರ್ಯವನ್ನೋ ಅನಂತವನ್ನೋ ಹುಡುಕುವವನ ಸೋಲಿನ ಕಥೆ ಅದು. ಆ ನಾಟಕದ ಹೆಸರನ್ನು ಪದಕದಂತೆ ಎದೆಗೆ ಸಿಕ್ಕಿಸಿಕೊಂಡು ನಾವು ಮಾಡುತ್ತಿರುವುದು ಆ ಸಂನ್ಯಾಸಿಯ ಕೆಲಸವನ್ನೇ.

ಅದೇ 1883ರಲ್ಲಿ ಈ ಕೊಲ್ಲಿಯ ಬಗ್ಗೆ ಮತ್ತೊಂದು ಬರಹವೂ ಹೊರಬಂತು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತದ ಗ್ಯಾಝೆಟಿಯರಿನ ಹದಿನೈದನೆಯ ಸಂಪುಟ, ಕೆನರಾ ಜಿಲ್ಲೆಯದು, ಎರಡು ಭಾಗ. ಮರಗಳು, ಮೀನುಗಳು, ಜಾತಿಗಳು, ಉಪ್ಪು, ಕಂದಾಯ, ಬಂದರಿನ ವ್ಯಾಪಾರ ಎಲ್ಲವೂ ಕೋಷ್ಟಕದಲ್ಲಿ. ಒಂದೇ ವರ್ಷ, ಒಂದೇ ತೀರ, ಎರಡು ನೋಟ: ಒಂದು ಕವಿಯದು, ಒಂದು ಸರ್ಕಾರದ್ದು. ಒಂದಕ್ಕೆ ಕೊಲ್ಲಿ ಚೆಲುವು, ಇನ್ನೊಂದಕ್ಕೆ ಸೊತ್ತು. ಇಂದಿಗೂ ಕಾರವಾರದ ಬಗ್ಗೆ ಕನ್ನಡದಲ್ಲಿ ಬರುವ ಬಹುಪಾಲು ಬರಹ ಈ ಎರಡರಲ್ಲಿ ಒಂದಕ್ಕೆ ಸೇರಿದ್ದು. ಒಂದೋ ಪ್ರವಾಸ ಪುರವಣಿ, ಇಲ್ಲವೇ ಯೋಜನಾ ವರದಿ. ಬಲೆ ಎಳೆಯುವವನ ಕಡೆಯಿಂದ ನೋಡಿದ ಮೂರನೆಯ ಬರಹ ಎಲ್ಲಿ?

ಆ ಕಡೆಯಿಂದ ನೋಡಿದರೆ ಕೊಲ್ಲಿ ಮೊದಲಿಗೆ ಒಂದು ಆಸರೆ. ಪಶ್ಚಿಮ ಕರಾವಳಿಯ ಬಹುಭಾಗ ಮುಂಗಾರಿಗೆ ಎದೆಯೊಡ್ಡಿ ನಿಂತದ್ದು. ನೈಋತ್ಯದ ಗಾಳಿ ಎದ್ದಾಗ ದೋಣಿಗೆ ಎಡೆಯಿಲ್ಲ. ಕಾರವಾರದಲ್ಲಿ ಮಾತ್ರ ಸಹ್ಯಾದ್ರಿಯ ಒಂದು ಬೆರಳು ಕಡಲಿನವರೆಗೆ ಚಾಚಿಕೊಂಡಿದೆ. ಆ ಗುಡ್ಡದ ಮರೆಯಲ್ಲಿ, ಅಲೆ ಸತ್ತ ನೀರಿನಲ್ಲಿ ಬೈತಖೋಲ. ಅರಬ್ಬಿ ನಾವಿಕರ ಮಾತಿನಿಂದ ಬಂದ ಈ ಹೆಸರಿಗೆ ಸುರಕ್ಷಿತ ಕೊಲ್ಲಿ ಎಂದೇ ಅರ್ಥ ಹೇಳುತ್ತಾರೆ. ಉತ್ತರಕ್ಕೆ ಕಾಳಿಯ ಬಾಯಿ, ಅದರಾಚೆ ಸದಾಶಿವಗಡ. ಎದುರಿಗೆ ಕಾವಲು ನಿಂತಂತೆ ಕೂರ್ಮಗಡ, ದೇವಗಡ ನಡುಗಡ್ಡೆಗಳು. ದೇವಗಡದ ದೀಪಸ್ತಂಭ 1864ರದು. ಕೂರ್ಮಗಡದಲ್ಲಿ ಪುಷ್ಯದ ಹುಣ್ಣಿಮೆಗೆ ನರಸಿಂಹನ ಜಾತ್ರೆ. ಮೀನುಗಾರರು ತಮ್ಮ ದೋಣಿಗಳಲ್ಲೇ ಹೋಗುತ್ತಾರೆ. ಕಾಳಿ ಜೊಯಿಡಾದ ಡಿಗ್ಗಿಯ ಕಾಡಿನಿಂದ 184 ಕಿಲೋಮೀಟರು ಹರಿದು ಬಂದು ಇಲ್ಲಿ ಉಪ್ಪುನೀರನ್ನು ಕೂಡುತ್ತದೆ. ಕೂಡುವಲ್ಲಿ ಕಾಂಡ್ಲಾ ಕಾಡು, ಕೆಸರುದಿಬ್ಬ. ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಹೆಂಗಸರು ತಿಸ್ರೆ, ಕಲ್ವ ಆಯುತ್ತಾರೆ. ಬೆಳುದಿಂಗಳ ಪ್ರಬಂಧಕ್ಕೆ ಆ ಕೆಸರಿನ ವಾಸನೆ ಒಗ್ಗುವುದಿಲ್ಲ.

ಈ ಆಸರೆಯೇ ಕೊಲ್ಲಿಗೆ ಮುಳುವಾದದ್ದು. ಅಲೆಯಿಲ್ಲದ ನೀರು ಯಾರಿಗೆ ಬೇಡ? ವಾಸ್ಕೋ ಡ ಗಾಮಾ 1498ರಲ್ಲಿ ತನ್ನ ಹಡಗುಗಳನ್ನು ದುರಸ್ತಿಗೆ ತಂದು ನಿಲ್ಲಿಸಿದ್ದು ಇಲ್ಲಿಯ ಅಂಜದೀವದಲ್ಲಿ. 1505ರಲ್ಲಿ ಆಲ್ಮೇಡಾ ಅಲ್ಲಿ ಕೋಟೆ ಕಟ್ಟಿದ. ಈ ಅಂಜದೀವದ ಇನ್ನೊಂದು ಕಥೆಯನ್ನು ಮುಂಬಯಿಯಲ್ಲಿರುವ ನಾವು ಪ್ರತಿ ಸಭೆಯಲ್ಲೂ ಹೇಳಬೇಕಿತ್ತು, ಹೇಳುವುದಿಲ್ಲ. 1661ರ ಮದುವೆಯ ಕರಾರಿನಲ್ಲಿ ಮುಂಬಯಿ ಇಂಗ್ಲೆಂಡಿನ ಅರಸನಿಗೆ ಬಳುವಳಿಯಾಗಿ ಸಿಕ್ಕಿತೆಂದು ಎಲ್ಲರೂ ಬಲ್ಲರು. ಅದನ್ನು ವಶಪಡಿಸಿಕೊಳ್ಳಲು 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್‌ನ ದಂಡು ಬಂದಾಗ ಪೋರ್ಚುಗೀಸರು ಊರನ್ನು ಬಿಟ್ಟುಕೊಡಲಿಲ್ಲ. ಎಲ್ಲೂ ಇಳಿಯಲು ಎಡೆಯಿಲ್ಲದ ಆ ದಂಡು ಅಂಜದೀವದಲ್ಲಿ ಬಿಡಾರ ಹೂಡಿತು. ಜ್ವರ, ಬೇನೆ, ಕೆಟ್ಟ ನೀರು. 1664ರಲ್ಲಿ ಶಿಪ್‌ಮನ್ ಅಲ್ಲೇ ಸತ್ತ. ನಾಲ್ಕೈದು ನೂರು ಮಂದಿಯಲ್ಲಿ ನೂರರ ಆಸುಪಾಸಿನಷ್ಟು ಉಳಿದರು. 1665ರಲ್ಲಿ ಹಂಫ್ರಿ ಕುಕ್‌ನೊಡನೆ ಹೋಗಿ ಮುಂಬಯಿಯನ್ನು ವಶಕ್ಕೆ ತೆಗೆದುಕೊಂಡದ್ದು ಈ ಅಳಿದುಳಿದ ಗುಂಪು. ಅಂದರೆ ಇಂಗ್ಲಿಷರ ಮುಂಬಯಿ ತನ್ನ ಮೊದಲ ವರ್ಷಗಳನ್ನು ಕಾಯುತ್ತಾ ಕಳೆದದ್ದು ಕಾರವಾರದ ಎದುರಿನ ಒಂದು ಬಂಡೆಯ ಮೇಲೆ. ಟಾಗೋರರ ಬೆಳುದಿಂಗಳಿಗಿಂತ ಇದು ನಮ್ಮ ಬಾಳಿಗೆ ಹತ್ತಿರದ ಸಂಗತಿಯಲ್ಲವೇ?

ವ್ಯಾಪಾರದ ಕಥೆಯೂ ಹಾಗೆಯೇ. 1638ರಲ್ಲಿ ಕೋರ್ಟೀನನ ಕಂಪನಿಯವರು ಇಲ್ಲಿ ಕೋಠಿ ತೆರೆದರು. ಕೊಲ್ಲಿಯ ದಾರಿಯಾಗಿ ಘಟ್ಟದ ಮೆಣಸು, ಬಯಲುನಾಡಿನ ಬಟ್ಟೆ ಹೊರಗೆ ಹೋಯಿತು. ಆಗಿನ ಕಾರವಾರವೆಂದರೆ ನದಿಯೊಳಗಿನ ಕಡವಾಡ. ಈಗಿನ ಪೇಟೆಯ ಜಾಗದಲ್ಲಿದ್ದದ್ದು ಮೀನುಗಾರರ ಹಳ್ಳಿ. 1665ರಲ್ಲಿ ಶಿವಾಜಿ ಬಂದಾಗ ಕೋಠಿಯವರೂ ಕಪ್ಪ ಕೊಡಬೇಕಾಯಿತು. ಸೋಂದೆಯ ಅರಸ ಗುಡ್ಡದ ಮೇಲೆ ಕೋಟೆ ಕಟ್ಟಿ ತನ್ನ ತಂದೆಯ ಹೆಸರಿಟ್ಟ. ಇವೆಲ್ಲ ಶಾಲೆಯ ಪಾಠ, ಬಿಡೋಣ.

ನಾನು ನಿಲ್ಲಬೇಕೆಂದಿರುವುದು 1862ರ ಬಳಿ. ಆ ವರ್ಷ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರಣ ಭಾಷೆಯಲ್ಲ, ಜನರ ಅನುಕೂಲವೂ ಅಲ್ಲ, ಹತ್ತಿ. ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ನೂಲು ಸಾಲದಾಯಿತು. ಧಾರವಾಡದ ಕರಿಮಣ್ಣಿನ ಹತ್ತಿಯನ್ನು ಕಡಲಿಗಿಳಿಸಲು ಬಂದರು ಬೇಕಾಯಿತು. ಮೀನಿನ ಹಳ್ಳಿ ಜಿಲ್ಲಾ ಕೇಂದ್ರವಾಯಿತು, ರಸ್ತೆಗಳನ್ನು ಅಳೆದರು, ಹಡಗುಕಟ್ಟೆಯ ನಕ್ಷೆ ಬರೆದರು, ಎರಡನೆಯ ಮುಂಬಯಿ ಬಂದೇಬಿಟ್ಟಿತೆಂದು ಜಾಗ ಕೊಂಡರು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ರೈಲು ಹುಬ್ಬಳ್ಳಿಯಿಂದ ಮಾರ್ಮುಗೋವಾಕ್ಕೆ ಹೋಯಿತು, ಕಾರವಾರಕ್ಕೆ ಬರಲಿಲ್ಲ. ಊರಿಗೆ ರೈಲು ಕಾಣಲು ಮತ್ತೆ ನೂರು ವರ್ಷಕ್ಕೂ ಮಿಕ್ಕಿ ಕಾದು ಕೊಂಕಣ ರೈಲ್ವೆಯೇ ಬರಬೇಕಾಯಿತು. ಹುಬ್ಬಳ್ಳಿ–ಅಂಕೋಲಾ ಮಾರ್ಗ ಇಂದಿಗೂ ಕಾಗದದಲ್ಲಿ ಓಡುತ್ತಿದೆ. ಅಷ್ಟರಲ್ಲಿ ಆದ ಒಂದೇ ಲಾಭವೆಂದರೆ ಮುಂಬಯಿಗೆ ಹೋಗುವ ಆಗಬೋಟು. ನನ್ನ ಅಜ್ಜ ಆ ಆಗಬೋಟಿನಲ್ಲೇ ಒಂದು ತಗಡಿನ ಪೆಟ್ಟಿಗೆಯೊಡನೆ ಇಲ್ಲಿಗೆ ಬಂದವರು. ಬಂದರು ಬಂದರೆ ಊರು ಉದ್ಧಾರವಾಗುತ್ತದೆ ಎಂದಿದ್ದರು. ಬಂದರಿನಿಂದ ಊರಿನ ಹುಡುಗರು ಹೊರಟುಹೋದರು.

ನೂರಿಪ್ಪತ್ತು ವರ್ಷಗಳ ಬಳಿಕ ಇನ್ನೊಂದು ಮಾತು ಕೊಟ್ಟರು. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲಿಟ್ಟರು. ಕಾರವಾರದ ದಕ್ಷಿಣಕ್ಕೆ ಬಿಣಗಾ, ಅರಗಾದಿಂದ ಅಂಕೋಲೆಯತ್ತ ಸಾಲಾಗಿದ್ದ ಊರುಗಳಿಂದ 4,000ಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋಗಬೇಕಾಯಿತು. 2005ರಲ್ಲಿ ನೆಲೆ ಕೆಲಸಕ್ಕೆ ಶುರುವಾದಾಗ ಅದಕ್ಕೆ ಇಟ್ಟ ಹೆಸರು ಐ.ಎನ್.ಎಸ್. ಕದಂಬ. ಬನವಾಸಿಯ ಅರಸುಮನೆತನದ ಹೆಸರು ಕಡಲಿಗೆ ಬಂತೆಂದು ನಾವು ಇಲ್ಲಿ ಕೂತು ಸಂತೋಷಪಟ್ಟೆವು. ಕನ್ನಡದ ಹೆಸರು ಬಂದ ದಾರಿಯಲ್ಲೇ ಕನ್ನಡನಾಡಿನ ಜನ ಎದ್ದು ಹೋದರೆಂಬುದನ್ನು ಯಾವ ಹೊರನಾಡ ಸಂಘವೂ ಠರಾವಿನಲ್ಲಿ ಬರೆಯಲಿಲ್ಲ. ಪರಿಹಾರದ ಮೊಕದ್ದಮೆಗಳು ದಶಕಗಳ ಕಾಲ ಎಳೆದಾಡಿದವು. ಭೂಮಿಯ ಮಾಲೀಕನಿಗೆ ಪಹಣಿ ಇತ್ತು, ತಡವಾಗಿಯಾದರೂ ಹಣ ಬಂತು. ದಂಡೆಯ ಮೇಲೆ ಬಲೆ ಒಣಗಿಸುತ್ತಿದ್ದವನಿಗೆ ದಂಡೆಯ ಪಹಣಿ ಯಾರು ಕೊಟ್ಟಿದ್ದರು?

ದೇಶಕ್ಕೆ ರಕ್ಷಣೆ ಬೇಡವೇ ಎಂದು ನೀವು ಕೇಳುತ್ತೀರಿ. ಬೇಕು. ಅಂಜದೀವದಿಂದ 1961ರ ನವೆಂಬರಿನಲ್ಲಿ ಪೋರ್ಚುಗೀಸರು ಹಾರಿಸಿದ ಗುಂಡಿಗೆ ಬಲಿಯಾದವನು ಮೀನುಗಾರನೇ. ಆ ಡಿಸೆಂಬರಿನಲ್ಲಿ ನಡುಗಡ್ಡೆಯನ್ನು ಬಿಡಿಸಲು ಹೋಗಿ ಸತ್ತವರು ನೌಕಾದಳದ ಏಳು ಮಂದಿ. ಈ ತೀರದವರಿಗೆ ರಕ್ಷಣೆಯ ಬೆಲೆಯನ್ನು ನಾವು ಕಲಿಸಬೇಕಾದ್ದಿಲ್ಲ. ನನ್ನ ಪ್ರಶ್ನೆ ಬೇರೆ. ಮುಂಬಯಿ ಬಂದರಿನಲ್ಲಿ ಇಕ್ಕಟ್ಟಾಯಿತೆಂಬ ಕಾರಣಕ್ಕೆ ಕಾರವಾರ ತನ್ನ ದಂಡೆಗಳನ್ನು ಬಿಟ್ಟುಕೊಟ್ಟಿತು. ಆ ತ್ಯಾಗ ಒಮ್ಮೆ ಆದ ಮೇಲೆ, ಉಳಿದ ತುಂಡನ್ನೂ ಕೇಳುವ ಮೊದಲು ಹಿಂದಿನ ಲೆಕ್ಕವನ್ನು ತೆಗೆದು ನೋಡುವುದು ಯಾರ ಹೊಣೆ?

ಏಕೆಂದರೆ ಉಳಿದದ್ದು ಒಂದು ತುಂಡೇ. ಪೇಟೆಯೆದುರಿನ ಮರಳದಂಡೆ, ಅದಕ್ಕೀಗ ಟಾಗೋರರ ಹೆಸರು. ಬೈತಖೋಲದ ವಾಣಿಜ್ಯ ಬಂದರನ್ನು ಸಾಗರಮಾಲಾ ಯೋಜನೆಯಲ್ಲಿ ವಿಸ್ತರಿಸಲು ಆ ದಂಡೆಯ ಕಡೆಯಿಂದಲೇ ಹೊಸ ತಡೆಗೋಡೆ ಕಟ್ಟಲು ಹೊರಟಾಗ, 2020ರ ಜನವರಿಯಲ್ಲಿ ಮೀನುಗಾರರು ಗಂಡಸರು ಹೆಂಗಸರೆನ್ನದೆ ಬೀದಿಗಿಳಿದರು. ಪೇಟೆ ಬಂದಾಯಿತು. ವಿಷಯ ಹೈಕೋರ್ಟಿಗೆ ಹೋಯಿತು. ನಮ್ಮ ವಾಟ್ಸಾಪ್ ಬಳಗದಲ್ಲಿ ಆಗ ಬಂದ ಮಾತು ನನಗೆ ನೆನಪಿದೆ: 'ನಮ್ಮವರಿಗೆ ಅಭಿವೃದ್ಧಿಯೇ ಬೇಡ.' ಮತ್ತೊಬ್ಬರು ಬರೆದರು: 'ಟಾಗೋರರ ಬೀಚು ಹಾಳಾಗುತ್ತದಲ್ಲ, ಅಯ್ಯೋ.' ಎರಡೂ ಮಾತಿನಲ್ಲಿ ತಪ್ಪಿಹೋದದ್ದು ಒಂದೇ ಸಂಗತಿ. ಆ ಮರಳು ವಿಹಾರದ ಜಾಗವಾಗುವ ಮೊದಲು ಒಂದು ಕಾರ್ಖಾನೆಯಾಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಂಪಣಿ ಎಂಬ ಬಲೆಯ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. ದೋಣಿಯಲ್ಲಿ ಹೊತ್ತೊಯ್ದು ಕಡಲಿನಲ್ಲಿ ಅರ್ಧ ವರ್ತುಲವಾಗಿ ಬಿಟ್ಟು, ಎರಡು ತುದಿಗಳನ್ನೂ ದಂಡೆಯಿಂದ ಎಳೆಯುವ ಉದ್ದನೆಯ ಬಲೆ ಅದು. ಎಳೆಯಲು ಹತ್ತಾರು, ಕೆಲವೊಮ್ಮೆ ನೂರರ ಹತ್ತಿರದ ಕೈಗಳು ಬೇಕು. ಬಲೆ ಒಬ್ಬನದಲ್ಲ, ಒಬ್ಬೊಬ್ಬರು ತಂದ ತುಂಡುಗಳನ್ನು ಜೋಡಿಸಿ ಹೊಲಿದದ್ದು. ಬಂಗಡೆ, ತಾರ್ಲೆ ಬಿದ್ದರೆ ಪಾಲು; ತುಂಡು ಕೊಟ್ಟವನಿಗೂ ಪಾಲು, ಹಗ್ಗ ಹಿಡಿದವನಿಗೂ ಪಾಲು. ಚಿಕ್ಕ ಮಟ್ಟದಲ್ಲಿ ಯೆಂಡಿ ಬಲೆಯ ರೀತಿಯೂ ಇದೇ. ಈ ಕೆಲಸಕ್ಕೆ ಬೇಕಾದ ಬಂಡವಾಳ ಎರಡು: ಊರೊಟ್ಟಿನ ಕೈಗಳು, ಮತ್ತು ಅಡ್ಡಿಯಿಲ್ಲದ ಅಗಲ ಮರಳು. ಕಲ್ಲಿನ ಗೋಡೆ ಬಂದಲ್ಲಿ ರಂಪಣಿ ಇಲ್ಲ. ಗೋಡೆಯ ಪಕ್ಕದಲ್ಲಿ ಅಲೆ ದಾರಿ ತಪ್ಪಿ ಒಂದೆಡೆ ಮರಳು ತುಂಬುತ್ತದೆ, ಇನ್ನೊಂದೆಡೆ ಕೊರೆಯುತ್ತದೆ. ಮೇಲಿನಿಂದ ಹೊಸ ಮರಳು ತರಬೇಕಾದ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟು. ತಡೆಗೋಡೆಯನ್ನು ವಿರೋಧಿಸಿದವರು ಹೇಳಿದ್ದು ಇಷ್ಟೇ: ನಮ್ಮ ಕೆಲಸದ ಕಟ್ಟೆಯನ್ನು ಕೀಳಬೇಡಿ. ಗಿರಣಿಗೆ ಬೀಗ ಬಿದ್ದಾಗ ಪರೇಲಿನ ಕಾರ್ಮಿಕರು ಹೇಳಿದ್ದೂ ಇದನ್ನೇ ಅಲ್ಲವೇ? ಅದನ್ನು ನಾವು ಅಭಿವೃದ್ಧಿ ವಿರೋಧವೆಂದು ಕರೆಯಲಿಲ್ಲ; ಅದರ ಮೇಲೆ ಕಥೆ ಬರೆದೆವು.

ಇಲ್ಲಿ ಒಂದು ನಿಜವಾದ ಆಕ್ಷೇಪವಿದೆ, ನಾನು ಜಾರಿಕೊಳ್ಳುವುದಿಲ್ಲ. ರಂಪಣಿಯನ್ನು ಕೊಂದದ್ದು ಗೋಡೆಯಲ್ಲ. ಎಪ್ಪತ್ತರ ದಶಕದಲ್ಲಿ ಬಂದ ಪರ್ಸೀನ್ ಬಲೆ. ದಂಡೆಗೆ ಬರುವ ಮೊದಲೇ ಮೀನಿನ ಹಿಂಡನ್ನು ಯಂತ್ರದೋಣಿ ನಡುನೀರಿನಲ್ಲಿ ಸುತ್ತುವರಿದು ಎತ್ತಿತು. ಅದನ್ನು ಕೊಂಡವರಲ್ಲೂ ಮೀನುಗಾರರೇ ಇದ್ದರು, ಹಣ ಹೂಡಿದವರು ಬೇರೆಯವರಿದ್ದರು, ಸಾಲ ಕೊಟ್ಟದ್ದು ಸರ್ಕಾರ. ಗೋವೆಯಲ್ಲಿ ರಾಂಪೊಣ್‌ಕಾರರು ಆಗಲೇ ಎದ್ದು ನಿಂತು ಹೋರಾಡಿದರು. ನಮ್ಮ ತೀರದಲ್ಲಿ ಒಡಕು ಕೇರಿಯೊಳಗೇ ಬಿತ್ತು. ಆದ್ದರಿಂದ ತೀರದವರೆಲ್ಲ ಮುಗ್ಧರು, ಹೊರಗಿನವರೆಲ್ಲ ಕಳ್ಳರು ಎಂಬ ಪ್ರಬಂಧವನ್ನೂ ನಾನು ಕೇಳುತ್ತಿಲ್ಲ. ಅದು ಬೆಳುದಿಂಗಳ ಪ್ರಬಂಧದ ತಮ್ಮ. ಕೇಳುತ್ತಿರುವುದು ಈ ಒಡಕಿನ ಕಥೆಯನ್ನೇ. ಯಾರ ಪಾಲು ಯಾರಿಗೆ ಹೋಯಿತು, ಯಾವ ಕೇರಿ ದೋಣಿ ಮಾರಿತು, ಯಾವ ಮನೆಯ ಹುಡುಗ ಮಲ್ಪೆಗೋ ಮುಂಬಯಿಯ ಸಸೂನ್ ಡಾಕಿಗೋ ಕೂಲಿಗೆ ಹೋದ ಎಂಬುದು ನಮ್ಮ ಸಾಹಿತ್ಯದಲ್ಲಿ ಎಷ್ಟು ಬಂದಿದೆ?

ಬಾರದಿರಲು ಒಂದು ಕಾರಣ ಭಾಷೆ. ಈ ಮಾತು ನಮ್ಮವರಿಗೆ ಕಹಿಯಾಗುತ್ತದೆಂದು ಗೊತ್ತಿದ್ದೇ ಹೇಳುತ್ತೇನೆ. ಖಾರ್ವಿ, ಹರಿಕಂತ್ರ, ಗಾಬಿತರ ಮನೆಗಳಲ್ಲಿ ಕಡಲಿನ ಮಾತು ಬಹುಮಟ್ಟಿಗೆ ಕೊಂಕಣಿ. ಗಾಳಿಗಳ ಹೆಸರು, ಬಲೆಯ ಭಾಗಗಳು, ಬಂಗಡೆಯ ಮರಿಗೊಂದು, ದೊಡ್ಡದಕ್ಕೊಂದು ಹೆಸರು ಆ ಮಾತಿನಲ್ಲಿವೆ. ಕಾರವಾರ ಯಾರದೆಂಬ ಜಗಳದಲ್ಲಿ ನಾವು ಮಹಾಜನ ಆಯೋಗದ 1967ರ ವರದಿಯನ್ನು ಬಾಯಿಪಾಠ ಒಪ್ಪಿಸುತ್ತೇವೆ. ಮರಾಠಿಗರು ತಮ್ಮ ಲೆಕ್ಕ ಒಪ್ಪಿಸುತ್ತಾರೆ. ಎರಡೂ ಕಡೆಯವರು ಎಣಿಸಿದ್ದು ಹಳ್ಳಿಗಳನ್ನು, ಶೇಕಡಾವಾರನ್ನು. ಕಾರವಾರ ಕರ್ನಾಟಕದ್ದೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಹಾಗಿದ್ದ ಮೇಲೆ ಅಲ್ಲಿಯ ಕೊಂಕಣಿಯ ಕಡಲಮಾತು ಕನ್ನಡ ಸಾಹಿತ್ಯದ ಮನೆಯೊಳಗಿನ ವಿಷಯವಾಗಬೇಕು. ಗಡಿ ಬೇಕು, ಗಡಿಯೊಳಗಿನ ಮನುಷ್ಯನ ಮಾತು ಬೇಡ ಎನ್ನುವುದು ಯಾವ ಕನ್ನಡಾಭಿಮಾನ? ಹನೇಹಳ್ಳಿಯ ಯಶವಂತ ಚಿತ್ತಾಲರು ಇದೇ ಮುಂಬಯಿಯಲ್ಲಿ ಕೂತು ತಮ್ಮ ತೀರದ ಕೇರಿಯನ್ನು ಕನ್ನಡಕ್ಕೆ ತಂದರು. ಅವರನ್ನು ನೆನೆಯುವ ಸಭೆಗಳನ್ನು ನಾವು ಮಾಡುತ್ತೇವೆ. ಅವರು ಮಾಡಿದ ಕೆಲಸವನ್ನು ಮುಂದುವರಿಸುವ ಗೋಜಿಗೆ ಹೋಗುವುದಿಲ್ಲ.

ದೂರದಲ್ಲಿರುವ ನಾವೇನು ಮಾಡಬಲ್ಲೆವು ಎಂಬುದು ಕೊನೆಯ ನೆವ. ಗ್ಯಾಝೆಟಿಯರಿನ ಆ ಎರಡು ಭಾಗಗಳು ನಮ್ಮ ಮುಂಬಯಿಯ ಗ್ರಂಥಾಲಯಗಳಲ್ಲೇ ಇವೆ. ಕಾರವಾರದವನು ಬಂದು ನೋಡಬೇಕಾದ್ದು ನಮಗೆ ಬಸ್ಸಿನ ದೂರದಲ್ಲಿದೆ. ಅದರ ಮೀನುಗಾರಿಕೆಯ ಪುಟಗಳನ್ನು ಕನ್ನಡಕ್ಕೆ ತರಲು ಯಾವ ಅನುದಾನವೂ ಬೇಡ. ಸಸೂನ್ ಡಾಕಿನಲ್ಲಿ ಬೆಳಗಿನ ನಾಲ್ಕಕ್ಕೆ ಹೋದರೆ ನಮ್ಮ ತೀರದ ಮಾತು ಕಿವಿಗೆ ಬೀಳುತ್ತದೆ. ಸೀಬರ್ಡಿನಿಂದ ಎದ್ದು ಬಂದ ಮನೆಯವರು ಈ ನಗರದ ಉಪನಗರಗಳಲ್ಲೂ ಇದ್ದಾರೆ. ಅವರ ಅಜ್ಜಿಯಂದಿರಿಗೆ ಎಂಬತ್ತು ದಾಟಿದೆ, ಹಳೆಯ ದಂಡೆಯ ಒಂದೊಂದು ಕಲ್ಲಿನ ಹೆಸರೂ ನೆನಪಿದೆ. ಅವರ ಎದುರು ಒಂದು ಮೊಬೈಲ್ ಫೋನು ಇಟ್ಟು ಸುಮ್ಮನೆ ಕೂತರೂ ಸಾಕು. ನಾನು ಹೋದ ವಾರ ಒಬ್ಬರ ಬಳಿ ಕೂತೆ. ಎರಡು ತಾಸು ಮಾತಾಡಿದರು. ಊರಿನ ದಂಡೆ ನೋಡಲು ಚೆನ್ನಾಗಿತ್ತೇ ಅಮ್ಮಾ ಎಂದು, ಹಳೆಯ ಚಾಳಿಯಿಂದ, ಕೇಳಿಬಿಟ್ಟೆ. 'ನೋಡೂಕೆ ಪುರಸೊತ್ತು ಎಲ್ಲಿತ್ತು ತಮಾ, ಮೀನು ಒಣಗ್ಸೂದೇ ಮುಗೀತಿರ್ಲಿಲ್ಲ' ಎಂದರು.

ಗೆಳೆಯರ ಪ್ರಬಂಧ ಬರುವ ತಿಂಗಳು ಇಲ್ಲಿಯೇ ಪ್ರಕಟವಾಗಲಿದೆ. ಬೆಳುದಿಂಗಳ ದಂಡೆಯ ಚಿತ್ರದ ಬದಲು ಬೈತಖೋಲದ ಬಲೆಯ ಮನೆಯ ಚಿತ್ರ ಹಾಕೋಣವೆಂದು ಸಂಪಾದಕರನ್ನು ಕೇಳಿದ್ದೇನೆ. ಉತ್ತರ ಬಂದಿಲ್ಲ.